ಏಳು ಮಾತ್ರೆಯ ವಾಗ್ಳೆ ಎಸ್ಟೇಟ್

'ವಾಗ್ಳೆ ಎಸ್ಟೇಟ್' ಎಂಬ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ. 'ವಾ' ದೀರ್ಘ, ಎರಡು ಮಾತ್ರೆ. 'ಗ್ಳೆ' ಹ್ರಸ್ವ, ಒಂದು. 'ಎ' ಹ್ರಸ್ವವೇ ಆದರೂ ಮುಂದೆ 'ಸ್ಟೇ' ಎಂಬ ಒತ್ತಕ್ಷರ ನಿಂತಿರುವುದರಿಂದ ಅದಕ್ಕೆ ಎರಡು. 'ಸ್ಟೇಟ್' ದೀರ್ಘವೂ ಹೌದು, ಬಾಲಕ್ಕೊಂದು ಅರ್ಧಾಕ್ಷರವೂ ಇದೆ, ಅದಕ್ಕೂ ಎರಡೇ. ಮೂರು ಮತ್ತು ನಾಲ್ಕು, ಒಟ್ಟು ಏಳು. ಥಾಣೆಯ ಈ ಕೈಗಾರಿಕಾ ವಸಾಹತಿಗೆ ಹೆಸರಿಟ್ಟವರು ಕುಮಾರವ್ಯಾಸನನ್ನು ಓದಿರಲಿಕ್ಕಿಲ್ಲ. ಆದರೂ ಅವನು ಗದುಗಿನ ಭಾರತ ಬರೆದ ಭಾಮಿನಿ ಷಟ್ಪದಿಯ ನಡೆ ಈ ಹೆಸರಿನಲ್ಲಿ ಹಾಗೇ ಇದೆ. ಎರಡು ಸಲ ಹೇಳಿದರೆ ಷಟ್ಪದಿಯ ಮೊದಲ ಸಾಲಿನಷ್ಟು ಉದ್ದವಾಗುತ್ತದೆ, 14 ಮಾತ್ರೆ.

ಛಂದಸ್ಸು ಎಂದೊಡನೆ ಕನ್ನಡ ಓದಿದ ಬಹುಮಂದಿಗೆ ನೆನಪಾಗುವುದು ಪ್ರಶ್ನೆಪತ್ರಿಕೆ. ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ, ಮೂರು ಅಂಕ. ಪದ್ಯವನ್ನು ಒಮ್ಮೆಯೂ ಜೋರಾಗಿ ಓದದೆ ಅದರ ತಲೆಯ ಮೇಲೆ ಗೆರೆ ಎಳೆದು, ಬಟ್ಟಲು ಬರೆದು, ಮೂರೂ ಅಂಕ ಗಿಟ್ಟಿಸಬಹುದು. ಹಾಗೆ ಗಿಟ್ಟಿಸಿದವರು ಬದುಕಿನಲ್ಲಿ ಮತ್ತೆಂದೂ ಆ ಕಡೆ ತಲೆಹಾಕುವುದಿಲ್ಲ. ಛಂದಸ್ಸು ಕಿವಿಯ ವಿದ್ಯೆ. ಕಾಗದ ಬಂದದ್ದು ತೀರಾ ಆಮೇಲೆ. ಇದಕ್ಕೆ ಸಾಕ್ಷಿ ಹುಡುಕಲು ಥಾಣೆಯಂಥ ಊರು ಒಳ್ಳೆಯದು. ಇಲ್ಲಿನ ಕನ್ನಡ ಮನೆಗಳ ಎಷ್ಟೋ ಮಕ್ಕಳಿಗೆ ಕನ್ನಡ ಲಿಪಿ ಬಾರದು. ಮರಾಠಿ, ಹಿಂದಿ, ಇಂಗ್ಲಿಷ್ ಓದುತ್ತಾರೆ. ಆದರೆ ಶನಿವಾರದ ಭಜನೆಯಲ್ಲಿ ತಾಳ ಹಿಡಿದು ಕೂತರೆ ದಾಸರ ಪದದಲ್ಲಿ ಎಲ್ಲಿ ಎಳೆಯಬೇಕು, ಎಲ್ಲಿ ಹೊಡೆಯಬೇಕು ಎಂಬುದರಲ್ಲಿ ತಪ್ಪುವುದಿಲ್ಲ. ಅವರಿಗೆ ಲಘು-ಗುರುವಿನ ಹೆಸರು ಗೊತ್ತಿಲ್ಲ, ಅಷ್ಟೇ.

ನಿಯಮ ಚಿಕ್ಕದು. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ, ಗುರುತು ∪. ದೀರ್ಘಾಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಸೊನ್ನೆ ಅಥವಾ ವಿಸರ್ಗ ಹೊತ್ತ ಅಕ್ಷರ, ಬಾಲಕ್ಕೆ ವ್ಯಂಜನ ಕಟ್ಟಿಕೊಂಡ ಅಕ್ಷರ, ಇವೆಲ್ಲ ಗುರು, ಎರಡು ಮಾತ್ರೆ; ಗುರುತು –. ಮಾತ್ರೆ ಅಂದರೆ ಕಾಲ, ಒಂದು ಹ್ರಸ್ವಾಕ್ಷರ ಹೇಳಲು ಹಿಡಿಯುವಷ್ಟು ಹೊತ್ತು. ಇಷ್ಟು ತಿಳಿದರೆ ಥಾಣೆಯಿಂದ ಕಲ್ಯಾಣದ ಕಡೆ ಹೊರಡುವ ಸ್ಲೋ ಲೋಕಲ್‌ನಲ್ಲಿ ಪಾಠ ಬಿಟ್ಟಿ ಸಿಗುತ್ತದೆ. ಕಳ್ವಾ, ಮುಂಬ್ರಾ: ಎರಡೆರಡು ಗುರು, ನಾಲ್ಕು ನಾಲ್ಕು ಮಾತ್ರೆ. ಡೊಂಬಿವಲಿ, ಠಾಕುರ್ಲಿ, ಕಲ್ಯಾಣ: ಒಂದರ ಬೆನ್ನಿಗೊಂದು ಬರುವ ಈ ಮೂರು ಸ್ಟೇಷನ್ನುಗಳೂ ಐದೈದು ಮಾತ್ರೆ. ಮರಾಠಿಗರ ಹಾಗೆ 'ಡೊಂಬಿವ್ಲಿ' ಅಂದರೂ ಐದೇ; 'ವ' ಕಳೆದುಕೊಂಡ ಮಾತ್ರೆಯನ್ನು ಅದರ ಹಿಂದಿನ 'ಬಿ' ಎತ್ತಿಕೊಳ್ಳುತ್ತದೆ. ಕೊನೆಗೆ ಐದು ಮಾತ್ರೆಯದೇ ಒಂದು ಕ್ರಿಯಾಪದ ಸೇರಿಸಿ:

ಡೊಂಬಿವಲಿ ಠಾಕುರ್ಲಿ ಕಲ್ಯಾಣ ದಾಟಿದೆವು

ಲಲಿತ ರಗಳೆಯ ಒಂದು ಸಾಲು ಸಿದ್ಧ. ಐದರ ನಾಲ್ಕು ಗಣ, 20 ಮಾತ್ರೆ. ಅದನ್ನು ಹೇಳುವಾಗ ಬಾಯಿ ತಾನಾಗಿ ತೂಗುತ್ತದೆ, ಪುಸ್ತಕ ನೋಡಬೇಕಾಗಿಲ್ಲ. ಮೂರರ ನಡೆ ಬೇಕೆಂದರೆ ನವಿ ಮುಂಬಯಿಯ ಗಾಡಿ ಹತ್ತಬೇಕು. 'ಥಾಣೆ, ತುರ್ಭೆ, ವಾಶಿ' ಅನ್ನಿ. ಉತ್ಸಾಹ ರಗಳೆಯ ಕುದುರೆ ನಡೆ ಅದು. ಅದೇ ದಾರಿಯಲ್ಲಿ ಒಂದು ಎಡವಟ್ಟೂ ಇದೆ. ಐರೋಲಿ ಐದು, ಘನ್ಸೋಲಿ ಐದು, ಅವೆರಡರ ನಡುವೆ ರಬಾಳೆ. ಲಘು, ಗುರು, ಲಘು, ನಾಲ್ಕೇ ಮಾತ್ರೆ. ಒಂದು ಮಾತ್ರೆ ಕಡಿಮೆ ಬಿದ್ದದ್ದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಗಣದ ಮೊದಲಿಗೇ ಲಘು ಬಂದು ಅದರ ಬೆನ್ನಿಗೆ ಗುರು ಬಂದರೆ ಕನ್ನಡದ ಮಾತ್ರಾನಡೆ ಮುಗ್ಗರಿಸುತ್ತದೆ. ಇದನ್ನು ಬಲ್ಲವರು ಲಗಾದಿ ಅನ್ನುತ್ತಾರೆ. ದಿವಾ ಸ್ಟೇಷನ್ನಿನದೂ ಇದೇ ಕತೆ: ಲೆಕ್ಕಕ್ಕೆ ಮೂರು ಮಾತ್ರೆ ಸರಿಯಾಗಿಯೇ ಇದೆ, ಆದರೆ 'ಥಾಣೆ ದಿವಾ ವಾಶಿ' ಎಂದು ಹೇಳಿ ನೋಡಿ, ನಾಲಿಗೆ ತಡೆಯುತ್ತದೆ. ಬರೀ ಕೂಡಿಸುವ ಲೆಕ್ಕದಿಂದ ಪದ್ಯ ಆಗುವುದಿಲ್ಲ ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಈ ದಿವಾ ಜಂಕ್ಷನ್.

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದ್ದು 1962ರ ಆಗಸ್ಟ್ 1ರಂದು, ಆರಂಭದ ಸಮಾರಂಭ ನಡೆದದ್ದು ಈ ವಾಗ್ಳೆ ಎಸ್ಟೇಟಿನಲ್ಲೇ. ಕಾರ್ಖಾನೆಗಳು ಎದ್ದವು, ಕ್ಯಾಂಟೀನುಗಳು ಬಂದವು, ಕ್ಯಾಂಟೀನುಗಳ ಹಿಂದೆ ಉಡುಪಿ-ಮಂಗಳೂರು ಕಡೆಯ ಹುಡುಗರು ಬಂದರು. ಕಿಸನ್ ನಗರ, ಶ್ರೀನಗರ, ಸಾವರ್ಕರ್ ನಗರದ ಚಾಳುಗಳಲ್ಲಿ ಖೋಲಿ ಹಿಡಿದರು. ಅವರ ಜೊತೆಗೆ ಬಂದ ಛಂದಸ್ಸು ಯಕ್ಷಗಾನದ್ದು. ಪ್ರಸಂಗ ಪುಸ್ತಕದ ಯಾವ ಪುಟ ತೆರೆದರೂ ಪದ್ಯದ ತಲೆಯ ಮೇಲೆ ಭಾಮಿನಿ, ವಾರ್ಧಕ, ದ್ವಿಪದಿ, ಕಂದ ಎಂಬ ಹೆಸರು ಅಚ್ಚಾಗಿರುತ್ತದೆ. ರಾಗ ತಾಳ ಇದ್ದರೆ ಅದೂ. ಕವಿತೆಯ ಮೇಲೆ ಅದರ ಛಂದಸ್ಸನ್ನು ಹೀಗೆ ಕಾಣುವಂತೆ ಬರೆದು, ರಾತ್ರಿಯಿಡೀ ಸಾವಿರ ಜನರೆದುರು ಹಾಡುವ ಪದ್ಧತಿ ಜಗತ್ತಿನಲ್ಲಿ ಎಷ್ಟು ಕಡೆ ಉಳಿದಿದೆಯೋ ಕಾಣೆ. ಭಾಗವತರು ಭಾಮಿನಿಯನ್ನು ತಾಳವಿಲ್ಲದೆ ಆಲಾಪಿಸುವುದೇ ಹೆಚ್ಚು. ತಾಳ ಇಲ್ಲದಿದ್ದರೂ ಏಳರ ತೂಗು ಕೇಳುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಊರಲ್ಲಿ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬಯಿಗೆ ಬರುತ್ತಾರೆ. ಆಗ ಥಾಣೆ, ಡೊಂಬಿವಲಿಯ ಯಾವುದಾದರೂ ಸಭಾಂಗಣದಲ್ಲಿ ಹಿಂದಿನ ಸಾಲಿನ ಮುದುಕರನ್ನು ಗಮನಿಸಬೇಕು. ಪದ್ಯ ಮುಗಿಯುವ ಮೊದಲೇ ಅವರ ತಲೆ ಸರಿಯಾದ ಜಾಗದಲ್ಲಿ ವಾಲುತ್ತದೆ.

ಭಾಮಿನಿ ಹೇಗೆ ಕಟ್ಟುತ್ತದೆ ಎಂದು ತೋರಿಸಲು ಹಳೆಯ ಕವಿಗಳನ್ನು ಕರೆಯುವ ಬದಲು ನಾನೇ ಒಂದನ್ನು ಹೆಣೆದಿದ್ದೇನೆ. ಕಾವ್ಯ ಎಂದು ಓದಬೇಡಿ, ಮಾದರಿ ಎಂದು ಓದಿ:

ಊರು ಬಿಟ್ಟೆವು, ಕಡಲ ದಂಡೆಯ
ಕೇರಿ ಬಿಟ್ಟೆವು, ಬಸ್ಸು ಹತ್ತುತ
ಸೇರಿಕೊಂಡೆವು ವಾಗ್ಳೆ ಎಸ್ಟೇಟ್ ಯಂತ್ರಶಾಲೆಯಲಿ
ಜೋರು ಮಳೆಯಲಿ ಪಾಳಿ ಮುಗಿಸುತ
ಆರು ಮಂದಿಯ ಖೋಲಿಯೊಳಗಡೆ
ತೀರದಾಯಿತು ಬಾಯಿಪಾಠದ ಹಾಡು ಬೆಳಗಾದ್ರೂ

ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಮೂರು-ನಾಲ್ಕು-ಮೂರು-ನಾಲ್ಕು. ಮೂರನೆಯ ಮತ್ತು ಆರನೆಯ ಸಾಲು ಇದೇ ನಡೆಯನ್ನು ಮೂರು ಸಲ ನಡೆದು, ಕೊನೆಗೊಂದು ಗುರುವಿನ ಮೇಲೆ ನಿಲ್ಲುತ್ತವೆ: 23 ಮಾತ್ರೆ. ಆರೂ ಸಾಲು ಸೇರಿ 102. 'ಯಂತ್ರಶಾಲೆಯಲಿ' ಎಂಬಲ್ಲಿ ಕೊನೆಯ 'ಲಿ' ಹ್ರಸ್ವವಲ್ಲವೇ ಎಂದು ಕೇಳುವವರಿಗೆ, ಸಾಲಿನ ತುದಿಯಲ್ಲಿ ಹಾಡುಗಾರ ನಿಂತು ಉಸಿರು ತೆಗೆದುಕೊಳ್ಳುತ್ತಾನೆ, ಆ ನಿಲುಗಡೆಯಲ್ಲಿ ಲಘುವೂ ಗುರುವಾಗುತ್ತದೆ. ಉದ್ದ ಸಾಲು ಬರುವುದು ಎರಡು ಗಿಡ್ಡ ಸಾಲುಗಳ ನಂತರ ಎಂಬುದರಲ್ಲೇ ಷಟ್ಪದಿಯ ಜಾಣ್ಮೆಯಿದೆ. ಎರಡು ಸಾಲಲ್ಲಿ ಮಾತು ಕೂಡಿಹಾಕಿ ಮೂರನೆಯದರಲ್ಲಿ ಹರಿಯಬಿಡಬಹುದು. ಕತೆ ಹೇಳಲು ಇದಕ್ಕಿಂತ ಒಳ್ಳೆಯ ಸಾಧನ ಕನ್ನಡಕ್ಕೆ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. 13ನೇ ಶತಮಾನದಲ್ಲಿ ರಾಘವಾಂಕ ಷಟ್ಪದಿಯನ್ನು ಹಿಡಿದ ಮೇಲೆ ನಾಲ್ಕೈದು ಶತಮಾನ ಕನ್ನಡದ ಕತೆಗಾರ ಕವಿಗಳು ಅದನ್ನು ಬಿಡಲಿಲ್ಲ. ಷಟ್ಪದಿಯಲ್ಲಿ ಶರ, ಕುಸುಮ, ಭೋಗ, ಪರಿವರ್ಧಿನಿ ಎಂಬ ಬೇರೆ ಜಾತಿಗಳಿವೆ. ಭಾಮಿನಿಯ ಜೊತೆ ಜನರ ಬಾಯಲ್ಲಿ ನಿಂತದ್ದು ಐದರ ನಡೆಯ ವಾರ್ಧಕ, ಲಕ್ಷ್ಮೀಶನ ಜೈಮಿನಿ ಭಾರತದ್ದು.

ಮೇಲಿನ ಆರು ಸಾಲುಗಳ ಎರಡನೆಯ ಅಕ್ಷರವನ್ನು ನೋಡಿ: ಊರು, ಕೇರಿ, ಸೇರಿ, ಜೋರು, ಆರು, ತೀರ. ಎಲ್ಲದರಲ್ಲೂ 'ರ'ಕಾರ. ಇದು ಆದಿಪ್ರಾಸ. ಅದರ ಹಿಂದಿನ ಅಕ್ಷರ ಎಲ್ಲ ಸಾಲಿನಲ್ಲೂ ಒಂದೇ ತೂಕದ್ದಿರಬೇಕು. ಹ್ರಸ್ವವಾದರೆ ಸಿಂಹಪ್ರಾಸ, ಇಲ್ಲಿರುವಂತೆ ದೀರ್ಘವಾದರೆ ಗಜಪ್ರಾಸ. ಸೊನ್ನೆಗೆ ವೃಷಭ, ವಿಸರ್ಗಕ್ಕೆ ಅಜ, ಒತ್ತಿಗೆ ಶರಭ ಮತ್ತು ಹಯ. ಕ್ರಿ.ಶ. 990ರ ಸುಮಾರಿನ ನಾಗವರ್ಮನ 'ಛಂದೋಂಬುಧಿ' ಈ ಪ್ರಾಣಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ಅವನು ಆ ಶಾಸ್ತ್ರವನ್ನು ಹೆಂಡತಿಗೆ ಹೇಳುವ ಧಾಟಿಯಲ್ಲಿ ಬರೆದ ಕಾರಣ ಪುಸ್ತಕದಲ್ಲಿ ಗಣಿತದ ನಡುನಡುವೆ ಪ್ರೀತಿಯ ಸಂಬೋಧನೆಗಳು ಬರುತ್ತವೆ. ಅದನ್ನು ಅಚ್ಚಿಗೆ ತಂದವರು ಫರ್ಡಿನಾಂಡ್ ಕಿಟ್ಟೆಲ್, 1875ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ.

ಥಾಣೆಯಲ್ಲಿ ಬೆಳೆದ ಹುಡುಗರಿಗೆ ಪ್ರಾಸವೆಂದರೆ ಸಾಲಿನ ಕೊನೆ. ಇಂಗ್ಲಿಷ್ ಶಿಶುಗೀತೆ ಹಾಗೆ, ಮರಾಠಿ ಕವಿತೆಯೂ ಹಾಗೆ. ಕನ್ನಡದ ಹಳೆಯ ಪ್ರಾಸ ಸಾಲಿನ ಹೊಸ್ತಿಲಲ್ಲೇ ಕೂತಿರುತ್ತದೆ. ತೆಲುಗು, ತಮಿಳಿನಲ್ಲೂ ಹೀಗೇ. ಪುಸ್ತಕವಿಲ್ಲದೆ ಹಾಡುವವನಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಒಂದು ಸಾಲು ಮುಗಿದಾಗ ಮುಂದಿನದು ಹೇಗೆ ಶುರುವಾಗುತ್ತದೆ ಎಂಬ ಸುಳಿವು ಕಿವಿಯಲ್ಲಿ ಆಗಲೇ ಇರುತ್ತದೆ. ಅಂತ್ಯಪ್ರಾಸ ಕೇಳಲು ಹಿತವಾದರೂ ಅದು ಸಾಲು ಮುಗಿದ ಮೇಲೆ ಸಿಗುವ ಸುಖ. ಮರೆತ ಸಾಲನ್ನು ಎತ್ತಿಕೊಡುವ ಶಕ್ತಿ ಅದಕ್ಕಿಲ್ಲ. ಈ ಆದಿಪ್ರಾಸವನ್ನು 20ನೇ ಶತಮಾನದ ಆರಂಭದಲ್ಲೇ ಬಿಟ್ಟುಕೊಟ್ಟವರು ಕಾಸರಗೋಡು ಸೀಮೆಯ ಮಂಜೇಶ್ವರದ ಗೋವಿಂದ ಪೈ. ಆಗ ಗಲಾಟೆಯೇ ಆಯಿತು. ಆದರೆ ಪೈಗಳ ಕಾಲಕ್ಕೆ ಕವಿತೆ ಅಚ್ಚಾಗುತ್ತಿತ್ತು, ಮರೆತರೆ ಪುಟ ತಿರುವಿದರಾಯಿತು. ಬಾಯಿಪಾಠದ ಅಗತ್ಯ ಹೋದಲ್ಲಿ ಬಾಯಿಪಾಠದ ಉಪಕರಣವೂ ಸಡಿಲವಾಗುತ್ತದೆ. ಯಕ್ಷಗಾನ ಮಾತ್ರ ಅದನ್ನು ಬಿಡಲಿಲ್ಲ, ಏಕೆಂದರೆ ಅಲ್ಲಿ ಇಂದಿಗೂ ಬಾಯಿಪಾಠವೇ ಬಂಡವಾಳ.

ಥಾಣೆಯ ಕನ್ನಡ ಕರಾವಳಿಯದು ಮಾತ್ರವಲ್ಲ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೂಲಿಗೆ ಬಂದವರದು ಇನ್ನೊಂದು ಕನ್ನಡ, ಅದರ ಛಂದಸ್ಸು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕ್ರಿ.ಶ. 700ರ ಹೊತ್ತಿಗೇ ತ್ರಿಪದಿ ಕಲ್ಲಿನ ಮೇಲಿದೆ. ಸರ್ವಜ್ಞನ ನಂತರ ಅದು ಪ್ರತಿ ಮನೆಯ ಮಾತಾಯಿತು. ಇದನ್ನೂ ಒಂದು ಮಾದರಿಯಿಂದಲೇ ನೋಡೋಣ:

ಬೀಸುಕಲ್ಲಿನ ಜಾಗ ಮಿಕ್ಸಿಗೇ ಸಿಕ್ಕರೂ
ಬೇಸರವ ಕಳೆವ ಪದಗಳನು ಅಜ್ಜಿಯೇ
ಹಾಸಿದಳು ಮೊರದ ಅಕ್ಕಿಯಲಿ

ಮೊದಲ ಸಾಲಿನಲ್ಲಿ ನಾಲ್ಕು ಗಣ, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರು, ಒಟ್ಟು 11. ಅದರಲ್ಲಿ ಆರನೆಯ ಗಣ 'ಕಳೆವ', ಹತ್ತನೆಯ ಗಣ 'ಮೊರದ'. ಇವೆರಡೂ ಉಳಿದವುಗಳಿಗಿಂತ ಗಿಡ್ಡ. ಶಾಸ್ತ್ರದಲ್ಲಿ ಗಿಡ್ಡದ್ದಕ್ಕೆ ಬ್ರಹ್ಮ, ಉಳಿದವಕ್ಕೆ ವಿಷ್ಣು ಎಂದು ಹೆಸರು. ಇವಕ್ಕಿಂತ ಉದ್ದದ್ದು ರುದ್ರ. ಛಂದಶ್ಶಾಸ್ತ್ರಕಾರ ಜಯಕೀರ್ತಿ ಇವನ್ನೇ ರತಿ, ಮದನ, ಬಾಣ ಎಂದ. ನಾನು ಲೆಕ್ಕದ ಅನುಕೂಲಕ್ಕೆ ಐದು ಮತ್ತು ಮೂರು ಮಾತ್ರೆಗೆ ಹೊಂದಿಸಿದ್ದೇನೆ. ನಿಜವಾದ ಹಳ್ಳಿಯ ತ್ರಿಪದಿ ಇಷ್ಟು ಶಿಸ್ತಿನದಲ್ಲ. ಅದು ಅಂಶಗಣದ್ದು. ಬ್ರಹ್ಮನಿಗೆ ಎರಡು ಅಂಶ, ವಿಷ್ಣುವಿಗೆ ಮೂರು, ರುದ್ರನಿಗೆ ನಾಲ್ಕು. ಗಣದ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು, ಆಮೇಲಿನ ಅಂಶಗಳಲ್ಲಿ ಲಘುವೋ ಗುರುವೋ ಯಾವುದು ಬಂದರೂ ನಡೆಯುತ್ತದೆ. ಕಡಿಮೆ ಬಿದ್ದದ್ದನ್ನು ಹಾಡುವವಳು ದನಿ ಎಳೆದು ತುಂಬುತ್ತಾಳೆ, ಹೆಚ್ಚಾದದ್ದನ್ನು ನುಂಗುತ್ತಾಳೆ. ಪ್ರಸ್ತಾರ ಹಾಕಿ ಇಂಥ ಪದಗಳಲ್ಲಿ ದೋಷ ಹಿಡಿದ ಪಂಡಿತರಿದ್ದಾರೆ. ಅವರು ಅಜ್ಜಿ ಹಾಡಿದ್ದನ್ನು ಕೇಳಿರಲಿಲ್ಲ, ಯಾರೋ ಬರೆದುಕೊಂಡದ್ದನ್ನು ಓದಿದ್ದರು.

ಬೀಸುವ, ಕುಟ್ಟುವ ಹಾಡಿನ ಜಾಗದಲ್ಲೇ ಕನ್ನಡ ಮತ್ತು ಮರಾಠಿಯ ಛಂದಸ್ಸುಗಳ ಬೆಸುಗೆ ಇರುವುದು. ಕಲ್ಯಾಣಿ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ' ಅಡುಗೆಯಿಂದ ಆನೆ ಪಳಗಿಸುವವರೆಗೆ ಎಲ್ಲವನ್ನೂ ಹೇಳುವ ಗ್ರಂಥ. ಅದರಲ್ಲಿ ಯಾವ ಸಂದರ್ಭಕ್ಕೆ ಯಾವ ಹಾಡು ಎಂದು ಹೇಳುತ್ತ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿ ಹಾಡುತ್ತಾರೆ ಎಂದು ಅವನು ದಾಖಲಿಸುತ್ತಾನೆ. 1290ರಲ್ಲಿ ಜ್ಞಾನೇಶ್ವರನ 'ಜ್ಞಾನೇಶ್ವರಿ' ಹುಟ್ಟಿದ್ದು ಆ ಒರಳಿನ ಹಾಡಿನ ಛಂದಸ್ಸಿನಲ್ಲೇ: ಪ್ರಾಸ ಕೂಡಿದ ಮೂರು ತುಂಡು, ಪ್ರಾಸ ಬಿಟ್ಟ ಗಿಡ್ಡ ನಾಲ್ಕನೆಯದು. ಕನ್ನಡದ ಅರಸನೊಬ್ಬ ಮರಾಠಿ ಓವಿಯ ಸುದ್ದಿ ಬರೆದಿಟ್ಟ ಸುಮಾರು ಒಂದೂವರೆ ಶತಮಾನದ ಮೇಲೆ, ಅದೇ ಜ್ಞಾನೇಶ್ವರ ತನ್ನ ಅಭಂಗವೊಂದರಲ್ಲಿ ಪಂಢರಪುರದ ವಿಠ್ಠಲನನ್ನು ಕನ್ನಡದವನು ಎಂದು ಕರೆದ. ಲೆಕ್ಕ ಚುಕ್ತಾ ಆಯಿತು.

ಅಭಂಗ ಮಾತ್ರೆ ಎಣಿಸುವುದಿಲ್ಲ, ಅಕ್ಷರ ಎಣಿಸುತ್ತದೆ. ದೊಡ್ಡ ಅಭಂಗದಲ್ಲಿ ಆರು, ಆರು, ಆರು, ನಾಲ್ಕು ಅಕ್ಷರ. ಎರಡನೆಯ ಮತ್ತು ಮೂರನೆಯ ಚರಣಕ್ಕೆ ಅಂತ್ಯಪ್ರಾಸ. ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

ಭೋಂಗಾ ಕೂಗಿತೀಗ | ಪಾಳಿ ಬಿಟ್ಟಿತಣ್ಣ |
ಕತ್ತಲಾಯ್ತು ಬಣ್ಣ | ಆಕಾಶದ

ಭೋಂಗಾ ಅಂದರೆ ಕಾರ್ಖಾನೆಯ ಸೈರನ್. 'ಭೋಂ' ಒಂದು ಅಕ್ಷರ, 'ಗಿ' ಒಂದು ಅಕ್ಷರ, ತೂಕ ಕೇಳುವವರಿಲ್ಲ. ಕೊನೆಯ ಗಿಡ್ಡ ಚರಣದ ಮುಂದೆ ಬರುವ ಖಾಲಿ ಜಾಗವನ್ನು ತಾಳದ ಗೆಜ್ಜೆ ತುಂಬುತ್ತದೆ. ಶಾಲೆಯಲ್ಲಿ ತುಕಾರಾಮನನ್ನು ಓದಿದ, ಮನೆಯಲ್ಲಿ ಪುರಂದರದಾಸರನ್ನು ಹಾಡುವ ಥಾಣೆಯ ಕನ್ನಡ ಹುಡುಗಿಗೆ ಎಣಿಕೆಯ ಈ ಎರಡೂ ಪದ್ಧತಿ ಗೊತ್ತು. ಬೆಂಗಳೂರಿನ ಹುಡುಗಿಗೆ ಅದು ಸುಲಭಕ್ಕೆ ಸಿಗದು. ಮನೆಮಾತು ಮರಾಠಿಯಾಗಿದ್ದ, ಸೋಲಾಪುರದ ಕಾಲೇಜಿನಲ್ಲಿ 1944ರಿಂದ 1956ರವರೆಗೆ ಪಾಠ ಹೇಳಿದ ಬೇಂದ್ರೆಯವರ ಕಿವಿ ಇಂಥದ್ದೇ ಗಡಿಯಲ್ಲಿ ಬೆಳೆದದ್ದು. ಅವರ ಕವಿತೆಯ ನಡೆಯನ್ನು ಬರೀ ಕನ್ನಡದ ಸೂತ್ರದಿಂದ ಅಳೆಯಹೊರಟವರು ಕೈ ಸುಟ್ಟುಕೊಂಡಿದ್ದಾರೆ.

ಸಂಸ್ಕೃತದಿಂದ ಬಂದ ವೃತ್ತಗಳ ಬಗ್ಗೆ ಹೆಚ್ಚು ಹೇಳಲಾರೆ. ಉತ್ಪಲಮಾಲೆ, ಚಂಪಕಮಾಲೆ, ಶಾರ್ದೂಲವಿಕ್ರೀಡಿತ, ಮತ್ತೇಭವಿಕ್ರೀಡಿತ, ಸ್ರಗ್ಧರೆ, ಮಹಾಸ್ರಗ್ಧರೆ ಎಂಬ ಆರು ಖ್ಯಾತ ಕರ್ನಾಟಕಗಳಲ್ಲಿ ಪಂಪ ರನ್ನರು ಮೆರೆದರು, ನಿಜ. ಅಲ್ಲಿ ಯಾವ ಜಾಗದಲ್ಲಿ ಲಘು, ಎಲ್ಲಿ ಗುರು ಎಂಬುದು ಅಕ್ಷರಕ್ಕಕ್ಷರ ನಿಗದಿ. ಗಣಗಳನ್ನು ನೆನಪಿಡಲು 'ಯಮಾತಾರಾಜಭಾನಸಲಗಂ' ಎಂಬ ಒಂದೇ ಪದ ಸಾಕು. ಯಾವ ಅಕ್ಷರದಿಂದ ಶುರುಮಾಡಿ ಮೂರು ಎಣಿಸಿದರೂ ಆ ಹೆಸರಿನ ಗಣ ಸಿಗುತ್ತದೆ. 'ಯಮಾತಾ' ಯಗಣ, ∪ – –. 'ರಾಜಭಾ' ರಗಣ, – ∪ –. ಪಕ್ಕದ ಮನೆಯ ಮರಾಠಿ ಹುಡುಗ ಶಾಲೆಯಲ್ಲಿ ಕಲಿಯುವುದೂ ಇದೇ ಸೂತ್ರವನ್ನು. ರಬಾಳೆ ಎಂಬ ಎಡವಟ್ಟು ಸ್ಟೇಷನ್ ಈ ಲೆಕ್ಕದಲ್ಲಿ 'ಜಭಾನ', ಅಂದರೆ ಜಗಣ. ಅದಕ್ಕೂ ಒಂದು ಮರ್ಯಾದೆಯ ಜಾಗವಿದೆ. ಕಂದಪದ್ಯದಲ್ಲಿ ನಾಲ್ಕು ಮಾತ್ರೆಯ ಗಣಗಳು ಮೂರು, ಐದು, ಮೂರು, ಐದರಂತೆ ಬರುತ್ತವೆ. ಪ್ರತಿ ಅರ್ಧದ ಆರನೆಯ ಗಣ ಜಗಣವಾಗಿರಬೇಕು, ತಪ್ಪಿದರೆ ನಾಲ್ಕೂ ಲಘು. ಒಂದು, ಮೂರು, ಐದು, ಏಳನೆಯ ಜಾಗದಲ್ಲಿ ಜಗಣ ಸುಳಿಯಲೇಬಾರದು. ಬೇರೆಡೆ ಎಡವಿಸುವುದನ್ನೇ ಒಂದು ಜಾಗದಲ್ಲಿ ಬೇಕೆಂದು ಕೇಳುವ ಈ ಹಟದಿಂದಲೇ ಕಂದಕ್ಕೆ ಅದರ ತಿರುವು ಬಂದಿದೆ.

ಕಂದ ಎಂದಾಗ 'ಕವಿರಾಜಮಾರ್ಗ'. ಅದು ಹೆಚ್ಚಿನಂಶ ಕಂದದಲ್ಲೇ ಇದೆ. ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ಗ್ರಂಥ ಕತೆಯಲ್ಲ, ಸ್ತೋತ್ರವಲ್ಲ, ಕವಿತೆ ಹೇಗೆ ಬರೆಯಬೇಕು ಎಂಬ ಕೈಪಿಡಿ! ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದದ್ದು. ದಂಡಿಯ 'ಕಾವ್ಯಾದರ್ಶ'ವನ್ನು ಎದುರಿಗಿಟ್ಟುಕೊಂಡು ದೋಷ, ಶಬ್ದಾಲಂಕಾರ, ಅರ್ಥಾಲಂಕಾರ ಎಂದು ಮೂರು ಪರಿಚ್ಛೇದ ಮಾಡಿ, ನಡುವೆ ಚತ್ತಾಣ, ಬೆದಂಡೆ ಎಂಬ ಕನ್ನಡದವೇ ಆದ ಕಾವ್ಯರೂಪಗಳನ್ನೂ ಹೆಸರಿಸುತ್ತದೆ. ಇದು ಮಾನ್ಯಖೇಟದ ಸುದ್ದಿ, ಥಾಣೆಗೇನು ಸಂಬಂಧ ಎನ್ನಬೇಡಿ. ವಾಗ್ಳೆ ಎಸ್ಟೇಟಿನ ಪಶ್ಚಿಮಕ್ಕೆ ಯೇವೂರು ಬೆಟ್ಟ, ಅದರಾಚೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಆ ಕಾಡಿನೊಳಗೆ ಕಾನ್ಹೇರಿಯ ಬೌದ್ಧ ಗುಹೆಗಳು. ಅಲ್ಲಿ ಶಕ 765, 775 ಮತ್ತು 799ರ ಮೂರು ಶಾಸನಗಳಿವೆ. ಭಿಕ್ಷುಗಳಿಗೆ ಕೊಟ್ಟ ದಾನದ ದಾಖಲೆ ಅವು. ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಸಾಮಂತರಾದ ಪುಲ್ಲಶಕ್ತಿ ಮತ್ತು ಕಪರ್ದಿ ಅಲ್ಲಿ ತಮ್ಮ ದೊರೆ ಎಂದು ಹೆಸರು ಹೇಳುವುದು ಅಮೋಘವರ್ಷನದು. ಶ್ರೀವಿಜಯ ಅರಮನೆಯಲ್ಲಿ ಕೂತು ಪ್ರಾಸದ ಗುಣದೋಷ ತೂಗುತ್ತಿದ್ದ ಕಾಲಕ್ಕೇ, ಈ ಬೆಟ್ಟದ ಬೆನ್ನಿಗೆ ಕಲ್ಲುಕುಟಿಗನೊಬ್ಬ ಅವನ ಒಡೆಯನ ಹೆಸರನ್ನು ಕೆತ್ತುತ್ತಿದ್ದ.

ಕವಿರಾಜಮಾರ್ಗ ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿದ್ದು ಎಲ್ಲರಿಗೂ ಗೊತ್ತು. ನಕ್ಷೆಯಲ್ಲಿ ಥಾಣೆ ಗೋದಾವರಿ ಹುಟ್ಟುವ ತ್ರ್ಯಂಬಕಕ್ಕಿಂತ ದಕ್ಷಿಣಕ್ಕೇ ಬೀಳುತ್ತದೆ ಎಂದು ತೋರಿಸಿ ನಗುವ ಹಿರಿಯರು ಇಲ್ಲಿನ ಕನ್ನಡ ಸಭೆಗಳಲ್ಲಿ ಸಿಗುತ್ತಾರೆ. ಅದು ನಗೆಗಷ್ಟೇ ಸರಿ, ಇದು ಕೊಂಕಣ. ಆದರೆ ಥಾಣೆಯ ಶಿಲಾಹಾರರು ತಮ್ಮ ಸಂಸ್ಕೃತ ತಾಮ್ರಪಟಗಳಲ್ಲಿ 'ಮಲಗಳಗಂಡ', 'ನನ್ನಿಸಮುದ್ರ' ಎಂಬ ಬಿರುದುಗಳನ್ನು ಕನ್ನಡದಲ್ಲೇ ಇಟ್ಟುಕೊಂಡದ್ದು ನಗೆಯ ಮಾತಲ್ಲ. ಊರಾಡಳಿತದ ಭಾಷೆ ಬದಲಾದರೂ ಹೊಗಳಿಕೆಗೆ ಮನೆಮಾತೇ ಬೇಕಾಯಿತು.

ಶ್ರೀವಿಜಯ ಬಹಳ ಪುಟ ಕೊಟ್ಟ ಅಲಂಕಾರಗಳನ್ನು ಕಲಿಯಲು ಆ ಯೇವೂರು ಬೆಟ್ಟವೊಂದೇ ಸಾಕು. ಜುಲೈ ತಿಂಗಳ ಬೆಳಿಗ್ಗೆ ಅದರ ತಲೆ ಕಾಣುವುದಿಲ್ಲ. 'ಮೋಡ ಗಿರಣಿಯ ಹೊಗೆಯಂತೆ ಕವಿದಿದೆ' ಅಂದರೆ ಉಪಮೆ: ಮೋಡ ಉಪಮೇಯ, ಹೊಗೆ ಉಪಮಾನ, 'ಅಂತೆ' ವಾಚಕ, ಕವಿಯುವುದು ಸಮಾನಧರ್ಮ. 'ಅಂತೆ'ಯನ್ನು ಕಿತ್ತು 'ಮೋಡದ ಹೊಗೆ ಕವಿದಿದೆ' ಅಂದರೆ ರೂಪಕ. 'ಎಸ್ಟೇಟಿನ ಹೊಗೆಯೇ ಪಾಳಿ ಮುಗಿಸಿ ಬೆಟ್ಟ ಹತ್ತಿತೋ ಎಂಬಂತೆ' ಅಂದರೆ ಉತ್ಪ್ರೇಕ್ಷೆ. 'ಮೋಡವೋ ಹೊಗೆಯೋ' ಎಂದು ಅನುಮಾನಿಸಿದರೆ ಸಂದೇಹ. 'ಇದು ಮೋಡವಲ್ಲ, ಹೊಗೆ' ಎಂದು ಸಾಧಿಸಿದರೆ ಅಪಹ್ನುತಿ. ಹೊಗೆಯೆಂದೇ ನಂಬಿ ವಾಚ್‌ಮನ್ ಕಿಟಕಿ ಮುಚ್ಚಿಬಿಟ್ಟರೆ ಭ್ರಾಂತಿಮಾನ್. ಪಠ್ಯಪುಸ್ತಕ ಇವನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಕಲಿಸುತ್ತದೆ. ಒಟ್ಟಿಗೆ ನೋಡಿದರೆ ಎಲ್ಲದರ ಕೆಳಗೆ ಇರುವುದು ಒಂದೇ ಪ್ರಶ್ನೆ: ಎರಡು ವಸ್ತುಗಳು ಒಂದೇ ಎಂಬ ಸುಳ್ಳನ್ನು ಹೇಳುವವನು ಎಷ್ಟರ ಮಟ್ಟಿಗೆ ನಂಬಿದ್ದಾನೆ? ಉಪಮೆಯಲ್ಲಿ ಅವನು ದೂರ ನಿಂತಿದ್ದಾನೆ, ಭ್ರಾಂತಿಮಾನ್‌ನಲ್ಲಿ ಪೂರ್ತಿ ಮುಳುಗಿದ್ದಾನೆ. ಶಬ್ದಾಲಂಕಾರವಂತೂ ಮಾತಿನಲ್ಲೇ ಉಂಟು. ಖೋಲಿಯ ಡಿಪಾಸಿಟ್‌ಗೆ 'ಎಷ್ಟು ಸಾಲ ತಂದರೂ ಸಾಲದು' ಎಂದು ಗೊಣಗುವವನಿಗೆ ತಾನು ಯಮಕದ ಬಾಗಿಲು ತಟ್ಟುತ್ತಿದ್ದೇನೆಂದು ತಿಳಿದಿರುವುದಿಲ್ಲ.

ಹೊಸ ಕವಿತೆಗೆ ಛಂದಸ್ಸಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಬಿ.ಎಂ. ಶ್ರೀಯವರ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದ 1926ರಿಂದ ಈಚೆಗೆ ಆದದ್ದೇ ಬೇರೆ. ಮೂರು, ನಾಲ್ಕು, ಐದರ ಹಳೆಯ ಗಣಗಳೇ ಉಳಿದವು, ಸಾಲಿನ ಉದ್ದ ಮಾತ್ರ ಕವಿಯ ಇಷ್ಟಕ್ಕೆ ಬಂತು. ಕುವೆಂಪು ಲಲಿತ ರಗಳೆಯ ಐದರ ನಡೆಯಿಂದ ಪ್ರಾಸ ಕಿತ್ತು, ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದಕ್ಕೆ ಹರಿಸಿ 'ಶ್ರೀ ರಾಮಾಯಣ ದರ್ಶನಂ'ಗೆ ಮಹಾಛಂದಸ್ಸು ಮಾಡಿಕೊಂಡರು. ಡಿ.ವಿ.ಜಿ.ಯವರ ಕಗ್ಗ ಓಡುವುದೂ ಐದರಲ್ಲೇ. ಇನ್ನು ವಚನಕಾರರಂತೂ 12ನೇ ಶತಮಾನದಲ್ಲೇ ಗಣದ ಲೆಕ್ಕ ಬದಿಗಿಟ್ಟು ಮಾತಿನ ಮರುಕಳಿಕೆಯಿಂದ ಲಯ ಹುಟ್ಟಿಸಿದವರು. ನವ್ಯರು ಬಂದು ಛಂದಸ್ಸು ಮುರಿದರು ಎನ್ನುವವರು ಬಸವಣ್ಣನನ್ನು ಮರೆತಿರುತ್ತಾರೆ.

ಇಂದು ಕನ್ನಡದಲ್ಲಿ ಮಾತ್ರೆ ಎಣಿಸದೆ ವಿಧಿಯಿಲ್ಲದ ಕೆಲಸ ಒಂದಿದೆ, ಸಿನಿಮಾ ಹಾಡು. ಅಲ್ಲಿ ರಾಗ ಮೊದಲು, ಪದ ಆಮೇಲೆ. ಮುಂಬಯಿಯ ಔಷಧ ಕಂಪನಿಗಳಲ್ಲಿ ರಸಾಯನಶಾಸ್ತ್ರಜ್ಞರಾಗಿ ಎರಡು ದಶಕಕ್ಕೂ ಹೆಚ್ಚು ದುಡಿದ ಜಯಂತ ಕಾಯ್ಕಿಣಿ, 2006ರ 'ಮುಂಗಾರು ಮಳೆ'ಯಿಂದ ಮನೆಮಾತಾದದ್ದು ಈ ಕಸುಬಿನಲ್ಲಿ. ಸಂಗೀತ ನಿರ್ದೇಶಕ 'ತಾನನ ತಾನನ' ಎಂದು ಗುನುಗಿ ಟ್ಯೂನ್ ಕೊಡುತ್ತಾನೆ. ಆ 'ತಾನನ' ಅರ್ಥವಿಲ್ಲದ ಪ್ರಸ್ತಾರವೇ: ಗುರು, ಲಘು, ಲಘು. 'ತನನಾ' ಅಂದರೆ ಸಗಣ, 'ತಾನಾನ' ಅಂದರೆ ತಗಣ. ಬರೆಯುವವನು ಅದೇ ತೂಕದ ಕನ್ನಡ ಹುಡುಕಬೇಕು. 'ತಾನನ' ಎಂದಲ್ಲಿ 'ದಂಡೆಯ' ಕೂಡುತ್ತದೆ, 'ಬಿಟ್ಟೆವು' ಕೂಡುತ್ತದೆ, ಸ್ವಲ್ಪ ಒತ್ತಾಯಿಸಿದರೆ 'ಮಳೆಯಲಿ'ಯೂ ಕೂಡುತ್ತದೆ. 'ತನಾನ' ಎಂದು ಕೇಳಿದರೆ ಮಾತ್ರ ಕಷ್ಟ. ಕನ್ನಡದಲ್ಲಿ ಅಂಥ ಪದಗಳು ಸಂಸ್ಕೃತದಿಂದ ಬರಬೇಕು, ಸಮುದ್ರ, ವಸಂತ, ಪ್ರಭಾತ. ಇಲ್ಲವೇ ನವಿ ಮುಂಬಯಿಯ ಗಾಡಿ ಹತ್ತಿ ರಬಾಳೆಯಲ್ಲಿ ಇಳಿಯಬೇಕು.